ಮಾದೇವಕ್ಕನ ಬೋಣಿ

ಮಾದೇವಕ್ಕ ದಿನಕ್ಕೆ ಒಬ್ಬರಿಗೆ ಮಾತ್ರ ನಿಜ ಹೇಳುತ್ತಿದ್ದಳು. ಆ ಒಬ್ಬರು ಅಂದಿನ ಬೋಣಿ ಮಾಡಿದವರು, ಅಂದರೆ ಅವಳು ಬುಟ್ಟಿ ಇಳಿಸಿದ ಮೇಲೆ ಮೊದಲು ಮೀನು ಕೊಂಡವರು. ಉಳಿದವರಿಗೆ ಹೇಳುತ್ತಿದ್ದದ್ದನ್ನು ಸುಳ್ಳು ಅನ್ನಬಾರದು, ವ್ಯಾಪಾರ ಅನ್ನಬೇಕು. ಹಾರವಾಡದಿಂದ ಬೆಳಗಿನ ಬಸ್ಸು ಹತ್ತಿ ಕಾರವಾರಕ್ಕೆ ಬಂದು ಕೋಡಿಬಾಗದ ನಮ್ಮ ಓಣಿಗೆ ಕಾಲಿಟ್ಟಳೆಂದರೆ ಅವಳ ಧ್ವನಿ ಅವಳಿಗಿಂತ ಎರಡು ಮನೆ ಮುಂದೆ ಇರುತ್ತಿತ್ತು. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಬುಟ್ಟಿ, ಬುಟ್ಟಿಯ ಅಂಚಿಗೆ ದಾರದಲ್ಲಿ ಕಟ್ಟಿದ ಸ್ಕ್ಯಾನ್ ಮಾಡುವ ಕಾರ್ಡು. ಫೋನಿನಲ್ಲಿ ದುಡ್ಡು ಬೀಳುವುದನ್ನು ಅವಳು ಓಣಿಯ ಎಲ್ಲರಿಗಿಂತ ಮೊದಲು ಕಲಿತಿದ್ದಳು.

ಬೋಣಿ ಮಾಡಬೇಕೆಂದು ನಮ್ಮ ಆಯಿ, ಅಂದರೆ ನನ್ನ ತಾಯಿ, ಗೇಟಿನ ಹತ್ತಿರವೇ ಕಾಯುತ್ತಿದ್ದಳು. ಒಮ್ಮೆ ಆಯಿ ತಾರ್ಲೆ ಮೀನಿಗೆ ಕೈ ಹಾಕುತ್ತಿದ್ದಂತೆ ಮಾದೇವಕ್ಕ ಬುಟ್ಟಿಯ ಬಾಯಿಗೆ ಕೈ ಅಡ್ಡ ಹಿಡಿದಳು. “ಬಾಯಿ, ಇವತ್ತು ತಾರ್ಲೆ ಬ್ಯಾಡ. ಐಸಿಂದು, ಮೊನ್ನೆದು. ಬಂಗ್ಡೆ ತಕಣಿ.” ಆಯಿ ಬಂಗಡೆ ಕೊಂಡಳು. ಪಕ್ಕದ ಮನೆಗೆ ಹೋದ ಮಾದೇವಕ್ಕ ಅದೇ ತಾರ್ಲೆಯನ್ನು ಎತ್ತಿ ತೋರಿಸಿ, “ಅಮ್ಮಾ, ಈಗಷ್ಟೇ ದಡಕ್ಕೆ ಬಂದದ್ದು, ಕಣ್ಣ್ ನೋಡಿ, ನಿಮ್ಮನ್ನೇ ನೋಡ್ತದೆ” ಎಂದಳು. ಆಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಬೋಣಿಗೆ ಇನ್ನೊಂದು ನಿಯಮವೂ ಇತ್ತು. ಬೋಣಿ ಮಾಡಿದವರು ಏನೇ ಮಾಡಲಿ, ಆ ದಿನ ಅವರ ಮೇಲೆ ಬಾಯಿ ಮಾಡುವಂತಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ನಿವೃತ್ತ ಅಧಿಕಾರಿ ಇದ್ದರು. ಒಂದು ಬೆಳಿಗ್ಗೆ ಬೋಣಿ ಅವರದೇ. ಅವಳು ಅತ್ತ ತಿರುಗಿದಾಗ ಒಂದು ಬಂಗಡೆಯನ್ನು ಹೆಚ್ಚಿಗೆ ಎತ್ತಿ ಚೀಲಕ್ಕೆ ಹಾಕಿಕೊಂಡರು. ಮಾದೇವಕ್ಕ ನೋಡಿದಳು, ನಾನೂ ನೋಡಿದೆ. ಅವಳು ತುಟಿ ಬಿಚ್ಚದೆ ಬುಟ್ಟಿ ಎತ್ತಿಕೊಂಡು ಹೋದಳು. ಮರುದಿನ ಆಯಿಯಿಂದ ಬೋಣಿ ಮಾಡಿಸಿಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿ, ನೇರ ಅವರ ಗೇಟಿಗೆ ಹೋಗಿ ನಿಂತಳು. “ಸಾಯ್ಬ್ರೆ, ನಿನ್ನೆ ನೀವು ಬೋಣಿ, ಅದ್ಕೆ ಸುಮ್ನಿದ್ದೆ. ಇವತ್ತು ನೀವು ಬೋಣಿ ಅಲ್ಲ. ಪೆನ್ಶನ್ ಬರ್ತದಲ್ಲ, ಬಂಗ್ಡೆ ಕದಿಯೂದೆಂತಕೆ?” ಅಲ್ಲಿಂದ ಕಾಲು ಗಂಟೆ ಅವಳು ಆಡಿದ ಮಾತನ್ನು ಇಲ್ಲಿ ಬರೆಯಲಾಗದು. ಅಂದಿನಿಂದ ಆ ಮನೆಯವರು ಮೀನು ತರಲು ಪೇಟೆಗೇ ಹೋಗತೊಡಗಿದರು.

ನಾನು ವಕೀಲಿ ಕಲಿತು ಕರಿ ಕೋಟು ಹಾಕಿದ ದಿನ ಆಯಿಗಿಂತ ಹೆಚ್ಚು ಸದ್ದು ಮಾಡಿದವಳು ಅವಳು. “ವಕೀಲ ತಮಾ” ಎಂದು ಹೆಸರಿಟ್ಟಳು. ನಾನು ಸೇರಿದ್ದು ಒಂದು ವಿಮಾ ಕಂಪನಿಯ ಪರವಾಗಿ ವಾದಿಸುವ ಹಿರಿಯ ವಕೀಲರ ಕಚೇರಿ. ಗಾಡಿ ಬಡಿದು ಕೈಕಾಲು ಮುರಿದುಕೊಂಡವರು ಪರಿಹಾರ ಕೇಳುತ್ತಾರೆ. ಕೊಡದೆ ಹೇಗೆ ತಪ್ಪಿಸಿಕೊಳ್ಳಬಹುದೆಂದು ಹುಡುಕುವುದು ನಮ್ಮ ಕೆಲಸ. ರಸ್ತೆ ದಾಟುತ್ತಿದ್ದವರು ದಾಟಬೇಕಾದಲ್ಲಿ ದಾಟಲಿಲ್ಲ, ನಿಂತವರು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ನಡೆಯುವವನದೇ ತಪ್ಪು ಎಂದು ಸಾಧಿಸುವುದು ನಮ್ಮಲ್ಲಿ ದೊಡ್ಡ ವಿದ್ಯೆ. ನಾನು ಬೇಗ ಕಲಿತೆ. ಮಾದೇವಕ್ಕನಿಗೆ ಇದನ್ನೆಲ್ಲ ಬಿಡಿಸಿ ಹೇಳಿರಲಿಲ್ಲ, ಆಯಿಗೂ ಹೇಳಿರಲಿಲ್ಲ.

ಭಾನುವಾರ ಅವಳು ಕಾರವಾರಕ್ಕೆ ಬರುತ್ತಿರಲಿಲ್ಲ. ಹಾರವಾಡ ಕ್ರಾಸಿನಲ್ಲಿ ಹೆದ್ದಾರಿಯ ಪಕ್ಕ, ಬಿಳಿ ಗೆರೆಯಿಂದ ಸಾಕಷ್ಟು ಒಳಗೆ, ಬುಟ್ಟಿ ಇಟ್ಟು ಕೂರುತ್ತಿದ್ದಳು. ಅಂಥ ಒಂದು ಭಾನುವಾರ ಕಾರೊಂದು ಬಂದು ನಿಂತಿತು. ಓಡಿಸುತ್ತಿದ್ದವನು ಯಾವುದೋ ಕಾಂಟ್ರಾಕ್ಟರರ ಡ್ರೈವರು. ನೊಗ್ಲಿ ಮೀನು ಕೊಂಡ, ಫೋನಿನಲ್ಲೇ ದುಡ್ಡು ಹಾಕಿದ. ಅದೇ ಅಂದಿನ ಬೋಣಿ. ಅವಳು ಬಗ್ಗಿ ಬುಟ್ಟಿಯ ಮೇಲೆ ಬಾಳೆ ಎಲೆ ಮುಚ್ಚುತ್ತಿದ್ದಾಗ ಅವನು ಹಿಂದೆ ನೋಡದೆ ಕಾರು ರಿವರ್ಸ್ ತೆಗೆದ. ಅವಳ ಬಲಗಾಲು ಚಕ್ರದಡಿ ಹೋಯಿತು.

ಓಡಿಹೋಗಲಿಲ್ಲ, ಅಷ್ಟು ಮಟ್ಟಿಗೆ ಒಳ್ಳೆಯವನು. ತನ್ನ ಕಾರಿನಲ್ಲೇ ಆಸ್ಪತ್ರೆಗೆ ಹಾಕಿಕೊಂಡು ಹೋದ. ದಾರಿಯುದ್ದ ಅತ್ತ. “ಅಕ್ಕಾ, ಮಾಲಕರ ಗಾಡಿ. ಗೊತ್ತಾದ್ರೆ ನನ್ನ ಕೆಲಸ ಹೋಗ್ತದೆ. ಖರ್ಚೆಲ್ಲ ನಾ ನೋಡ್ಕಳ್ತೆ.” ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಮಾದೇವಕ್ಕ ಹಲ್ಲು ಕಚ್ಚಿಕೊಂಡು, “ನಾನೇ ಜಾರಿ ಬಿದ್ದೆ” ಎಂದಳು. ಡಾಕ್ಟರು ಹಾಗೆಯೇ ಬರೆದುಕೊಂಡರು. ಬೋಣಿ ಮಾಡಿದವನನ್ನು ಆ ದಿನ ಪೊಲೀಸರಿಗೆ ಹಿಡಿದುಕೊಡುವುದು ಅವಳಿಂದ ಆಗದು. ನಾಳೆ ಬೆಳಗಾಗಲಿ, ನಿಜ ಹೇಳಿ ಅವನ ಚರ್ಮ ಸುಲಿದರಾಯಿತು ಎಂದು ಲೆಕ್ಕ ಹಾಕಿದ್ದಳು. ಬೆಳಗಾಯಿತು, ನರ್ಸನ್ನು ಕರೆದು ಹೇಳಿದಳು. ನರ್ಸು, “ನಿನ್ನೆಯೇ ಬರೆದಾಗಿದೆಯಲ್ಲ ಅಮ್ಮಾ” ಎಂದಳು. ಅಪಘಾತಕ್ಕೆ ಸಿಕ್ಕವರು ಮೊದಲು ಬಾಯಿಬಿಟ್ಟು ಹೇಳಿದ ಮಾತಿಗೆ ಮರುದಿನ ಎಂಬುದಿಲ್ಲವೆಂದು ಅವಳಿಗೆ ಯಾರು ಹೇಳಬೇಕಿತ್ತು? ಕೋಡಿಬಾಗದ ಅವಳ ವಕೀಲ ತಮಾ ಹೇಳಬೇಕಿತ್ತು.

ಕಾಲಿಗೆ ರಾಡು ಹಾಕಬೇಕು ಎಂದಾದಾಗ ಡ್ರೈವರು ಫೋನು ಎತ್ತುವುದನ್ನೇ ಬಿಟ್ಟ. ಪೊಲೀಸು ದೂರು ಬರೆಸುವ ಹೊತ್ತಿಗೆ ಹನ್ನೆರಡು ದಿನ ಕಳೆದಿತ್ತು. ಆಸ್ಪತ್ರೆಯ ಬಾಗಿಲಲ್ಲೇ ಹೊಂಚು ಹಾಕುವ ಏಜೆಂಟನೊಬ್ಬ ಹೆಬ್ಬೆಟ್ಟು ಒತ್ತಿಸಿಕೊಂಡು ಅವಳ ಕೇಸನ್ನು ಯಾವುದೋ ವಕೀಲನಿಗೆ ಸಾಗಹಾಕಿದ್ದ. ಹೆಣದ ಮೇಲೆ ಹದ್ದು ಕೂತಂತೆ ಇವರು ಮುರಿದ ಎಲುಬಿನ ಮೇಲೆ ಕೂರುತ್ತಾರೆ. ಇಷ್ಟು ಬರೆದು ನಾನೇನೋ ಬೇರೆ ಜಾತಿಯ ಹಕ್ಕಿ ಎಂದುಕೊಳ್ಳುವ ಹಾಗಿಲ್ಲ. ಕಾರಿನ ವಿಮಾ ಕಂಪನಿಯ ಫೈಲು ಬಂದು ಬಿದ್ದದ್ದು ನಮ್ಮ ಕಚೇರಿಯ ಮೇಜಿನ ಮೇಲೆ.

ಈ ಹೆಂಗಸು ನಮ್ಮ ಮನೆಗೆ ಮೀನು ತರುವವಳು, ಈ ಕೇಸಿನಲ್ಲಿ ನಾನು ಕೂರುವುದಿಲ್ಲ ಎಂದು ಹೇಳಬಹುದಿತ್ತು. ಮೊದಲರ್ಧ ಮಾತ್ರ ಹೇಳಿದೆ. ನಮ್ಮ ಹಿರಿಯರು ತಲೆ ಕೆರೆದುಕೊಳ್ಳುತ್ತಿದ್ದರು. ಫೋನಿನಲ್ಲಿ ದುಡ್ಡು ಬಿದ್ದ ಗುರುತು ಇದ್ದುದರಿಂದ ಕಾರು ಅಲ್ಲಿರಲೇ ಇಲ್ಲ ಎನ್ನುವಂತಿರಲಿಲ್ಲ. ಕಾರು ಅಲ್ಲಿತ್ತು, ಅವಳು ತಾನೇ ಬಿದ್ದಳು, ಡ್ರೈವರು ಕರುಣೆಯಿಂದ ಆಸ್ಪತ್ರೆಗೆ ಸೇರಿಸಿದ ಎನ್ನಬೇಕು. ಡ್ರೈವರು ಅತ್ತು ಸುಳ್ಳು ಹೇಳಿಸಿದ ಎಂದು ಅವಳು ಕೋರ್ಟಿನಲ್ಲಿ ಹೇಳಿದರೆ ಏನು ಗತಿ ಎಂಬುದು ಅವರ ಚಿಂತೆ. ನಾನು ಚಹಾ ಕುಡಿಯುತ್ತ, ಜಾಣ ಎನಿಸಿಕೊಳ್ಳುವ ಚಪಲಕ್ಕೆ, ಬೋಣಿಯ ಕಥೆ ಹೇಳಿದೆ. ಬಂಗಡೆ ಕದ್ದ ಅಧಿಕಾರಿಯ ಪ್ರಸಂಗವನ್ನೂ ಮಾದೇವಕ್ಕನ ಧ್ವನಿಯಲ್ಲೇ ಆಡಿ ತೋರಿಸಿದೆ. ಎಲ್ಲರೂ ನಕ್ಕರು. ಹಿರಿಯರು ನಗಲಿಲ್ಲ. “ಬೋಣಿಯ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಅಂದೆಯಲ್ಲ. ಅದನ್ನೇ ಪ್ರಶ್ನೆ ಮಾಡಿ ಬರೆದು ಕೊಡು” ಎಂದರು. ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಅಕ್ಷರ ಮುದ್ದಾಗಿತ್ತು. ಥೂ.

ಪಾಟೀಸವಾಲಿನ ದಿನ ಅವಳು ಕೋಲು ಊರಿಕೊಂಡು ಕಟಕಟೆ ಹತ್ತಿದಳು. ನನ್ನನ್ನು ನೋಡಿ ಅವಳ ಮುಖ ಅರಳಿತು. ನಾನು ಯಾರ ಪಕ್ಕ ಕೂತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಕೋರ್ಟಿನಲ್ಲಿ ಒಬ್ಬ ತನ್ನವನಿದ್ದಾನೆ ಎಂದುಕೊಂಡಳು.

“ಬೋಣಿ ಮಾಡಿದವರ ವಿಷಯದಲ್ಲಿ ನೀವು ಎಂದೂ ಸುಳ್ಳು ಹೇಳುವುದಿಲ್ಲ, ಅಲ್ಲವೇ?” ಎಂದು ಹಿರಿಯರು ಮೆತ್ತಗೆ ಕೇಳಿದರು.

ಮಾದೇವಕ್ಕ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿದಳು. “ಇಲ್ಲ ಸಾಯ್ಬ್ರೆ. ನಮ್ಮ ಅಬ್ಬೆ ಕಲ್ಸಿದ್ದು. ಬೋಣಿಗೆ ಸುಳ್ಳು ಹೇಳ್ಳೇಬಾರ್ದು.”

“ಆ ದಿನದ ಬೋಣಿ ಈ ಕಾರಿನ ಡ್ರೈವರದೇ?”

“ಹೌದು.”

“ಅವರ ಎದುರಿನಲ್ಲೇ, ನಾನೇ ಜಾರಿ ಬಿದ್ದೆ ಎಂದು ಡಾಕ್ಟರಿಗೆ ಹೇಳಿದಿರಿ?”

“ಹೇಳ್ದೆ. ಆದ್ರೆ ಬೋಣಿ ಮಾಡ್ದವ್ನ ಮೇಲೆ ಆ ದಿನ...”

“ಹೌದೋ ಅಲ್ಲವೋ, ಅಷ್ಟು ಹೇಳಿ.”

“ಹೌದು. ನಾಳೆ ಹೇಳ್ವಾ ಅಂತ ಇದ್ದೆ.”

ಯಾರೋ ಹಿಂದೆ ಕುಳಿತವರು ನಕ್ಕರು. ಅವಳ ಪರ ವಕೀಲ ತನ್ನ ಫೋನು ನೋಡುತ್ತಿದ್ದ. ಹಿರಿಯರು, “ಅಂದರೆ ನೀವು ಅಂದು ಹೇಳಿದ್ದು ನಿಜ, ಇಂದು ಹೇಳುತ್ತಿರುವುದು ದುಡ್ಡಿಗಾಗಿ” ಎಂದು ಮುಗಿಸಿದರು. ಮಾದೇವಕ್ಕ ತಿರುಗಿ ನನ್ನನ್ನು ನೋಡಿದಳು. ನಾನು ಬ್ಯಾಗಿನಲ್ಲಿ ಪೆನ್ನು ಹುಡುಕತೊಡಗಿದೆ. ಪೆನ್ನು ಕೈಯಲ್ಲೇ ಇತ್ತು.

ಅರ್ಜಿ ವಜಾ ಆಯಿತು. ಅರ್ಜಿದಾರಳ ಮಾತು ನಂಬಲು ಯೋಗ್ಯವಲ್ಲ ಎಂದು ತೀರ್ಪಿನಲ್ಲಿ ಇತ್ತು. ಕಾಲಿಗೆ ಎರಡನೇ ಆಪರೇಶನ್ ಆಗಬೇಕಿತ್ತು, ಆಗದಿದ್ದರೆ ಬುಟ್ಟಿ ಹೊರುವುದು ಮುಗಿದಂತೆ. ಪರಿಹಾರದ ಮೇಲೆಯೇ ಅವಳು ಆಸೆ ಇಟ್ಟುಕೊಂಡಿದ್ದಳು. ಹಿರಿಯರು ನನ್ನ ಭುಜ ತಟ್ಟಿ, “ನಿನ್ನ ಬೋಣಿ ಕೆಲಸ ಮಾಡಿತು ನೋಡು” ಎಂದರು. ಆ ಕೈ ಬಿದ್ದ ಜಾಗವನ್ನು ಮನೆಗೆ ಬಂದು ಸಾಬೂನು ಹಚ್ಚಿ ತಿಕ್ಕಿಕೊಂಡೆ. ಹೊಲಸು ಅವರ ಕೈಯಲ್ಲಿರಲಿಲ್ಲ. ಮರುದಿನ ಮತ್ತೆ ಅದೇ ಕಚೇರಿಗೆ ಹೋದೆ. ಬಿಟ್ಟದ್ದು ಎರಡು ತಿಂಗಳ ಮೇಲೆ, ಅಷ್ಟು ನಿಧಾನವಾಗಿ ನನಗೆ ನಾಚಿಕೆ ಬಂತು.

ಮೇಲ್ಮನವಿಗೆ ಇನ್ನೂ ಸಮಯವಿತ್ತು. ಧಾರವಾಡದಲ್ಲಿ ವಕೀಲಿ ಮಾಡುವ ಗೆಳೆಯನನ್ನು ಒಪ್ಪಿಸಿ, ಕಾಗದ ತಯಾರು ಮಾಡಿಸಿಕೊಂಡು ಹಾರವಾಡಕ್ಕೆ ಹೋದೆ. ಮಾದೇವಕ್ಕ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಊರುಗೋಲಿನಿಂದಲೇ ಕಾಗೆ ಓಡಿಸುತ್ತ, ಯಾರದೋ ಒಣಮೀನು ಕಾಯುತ್ತಿದ್ದಳು. ಮೈ ಅರ್ಧಕ್ಕೆ ಇಳಿದಿತ್ತು. ಧ್ವನಿ ಅಂಗಳ ದಾಟುತ್ತಿರಲಿಲ್ಲ.

“ಬಾ ತಮಾ. ಕೂತ್ಕ.”

ನಾನು ನಿಂತೇ ಹೇಳಿದೆ. “ಮಾದೇವಕ್ಕಾ, ಆ ಪ್ರಶ್ನೆ ಬರ್ದು ಕೊಟ್ಟಂವ ನಾನು.”

“ಗೊತ್ತು. ಆ ಕೋಟಿನಂವ ಯಾವತ್ತ್ ನನ್ನತ್ರ ಮೀನ್ ತಕಂಡಿದ್ದ? ಬೋಣಿ ವಿಷ್ಯ ಅವಂಗೆ ಯಾರು ಹೇಳ್ಬೇಕು?” ಅವಳು ಒಂದು ಕಾಗೆಯತ್ತ ಕೋಲು ಬೀಸಿದಳು.

“ಬೈದುಬಿಡು, ಮಾದೇವಕ್ಕಾ.”

“ಬೈದ್ರೆ ನಿಂಗೆ ಹಗುರ ಆಗ್ತದೆ. ನಾ ಬೈಯೂದಿಲ್ಲ.”

ಕಾಗದದ ಮೇಲೆ ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿದಳು. ಏನು ಬರೆದಿದೆ ಎಂದು ಓದಿ ಹೇಳಲು ಹೋದರೆ ಕೈ ಅಲ್ಲಾಡಿಸಿ ಬೇಡವೆಂದಳು. ನಾನು ಹೊರಟು ಬೇಲಿಯ ದಣಪೆ ದಾಟುವಾಗ ಹಿಂದಿನಿಂದ ಕರೆದಳು.

“ನಿನ್ನ ಆಯಿಗೆ ಗೊತ್ತಿದ್ಯಾ, ನೀನು ಮಾಡಿದ್ದು?”

“ಇಲ್ಲ.”

“ಹೇಳ್ಬ್ಯಾಡ. ಅದು ತಡ್ಕಳ್ಳೂದಿಲ್ಲ. ಕೇಳಿದ್ರೆ ಡಾಕ್ಟ್ರು ತಪ್ಪ್ ಬರ್ದಿದ್ರು ಅನ್ನು.”

ಡ್ರೈವರು ಆಸ್ಪತ್ರೆಯ ದಾರಿಯುದ್ದ ಅತ್ತು ಅವಳಿಂದ ಒಂದು ಸುಳ್ಳು ಸಂಪಾದಿಸಿದ್ದ. ನನಗದು ಕೇಳದೆಯೇ ಸಿಕ್ಕಿತು. ಆಮೇಲೆ ನಾನು ಅವಳನ್ನು ನೋಡಿಲ್ಲ. ಮೇಲ್ಮನವಿ ಇನ್ನೂ ವಿಚಾರಣೆಗೆ ಬಂದಿಲ್ಲ, ಅವಳ ಎರಡನೇ ಆಪರೇಶನ್ ಆಗಿಲ್ಲ. ನಮ್ಮ ಓಣಿಗೆ ಈಗ ಸ್ಕೂಟರಿನಲ್ಲಿ ಒಬ್ಬ ಮೀನು ತರುತ್ತಾನೆ.

ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತಾಗ ಆಯಿ ಕೇಳಿದಳು, “ಮಾದೇವಿ ಕೇಸ್ ಎಂತಾಯ್ತೋ? ನೀ ಅಲ್ಲೇ ಕೋರ್ಟಲ್ಲಿರ್ತೆ, ಒಂದ್ ಮಾತ್ ಹೇಳೂದಿಲ್ಲ.”

“ಸೋತ್ಳು. ಡಾಕ್ಟ್ರು ತಪ್ಪ್ ಬರ್ದಿದ್ರಂತೆ” ಎಂದೆ.

ಆಯಿ ಸೌಟು ಹಿಡಿದು ಹಾಗೇ ನಿಂತಳು. ಕಣ್ಣು ತುಂಬಿತ್ತು. “ಆ ಹೆಣ್ಣಿಗೆ ಹಿಂಗ್ ಮಾಡ್ದವ್ನ ಗಂಟ್ಲಲ್ಲಿ ಅನ್ನ ಇಳೀದೇ ಇರ್ಲಿ” ಎಂದು ಶಪಿಸುತ್ತ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು. ನಾನು ಉಂಡೆ.