ಪುಸ್ತಕದ್ದೋ, ಹೊಟ್ಟೆಯದ್ದೋ

ಹುಣಸೆಹಣ್ಣು ಬಿಡಿಸಲು ಕೂತಿದ್ದೇನೆ. ಮನೆಯೆಲ್ಲ ಹುಳಿ ವಾಸನೆ. ಇದೇ ಮೊದಲ ಸಲ ನಿಪ್ಪಾಣಿ ಸಂತೆಯಿಂದ ಬೀಜ ಸಮೇತ ತಂದದ್ದು. ಇಷ್ಟು ವರ್ಷ ತವರೂರು ಅಂಕಲಿಯಿಂದ ನನಗಾಗಿ ಬರುತ್ತಿದ್ದ ಹುಣಸೆಯಲ್ಲಿ ಹುಡುಕಿದರೂ ಒಂದು ಬೀಜ ಸಿಗುತ್ತಿರಲಿಲ್ಲ. ಕೂತಲ್ಲಿ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ನಾಲ್ಕು ಕಾಯಿ ಬಿಡಿಸುವಷ್ಟರಲ್ಲಿ ಎದ್ದು ಹೋಗಿ ಚಹಾ ಇಟ್ಟೆ, ಅದನ್ನು ಕುಡಿಯುವುದು ಬಿಟ್ಟು ಬಾಗಿಲಿಗೆ ಹೋಗಿ ಖಾಲಿ ಓಣಿಯನ್ನು ನೋಡಿ ಬಂದೆ. ಮತ್ತೆ ಕೂತಾಗ ಬೀಜವೊಂದು ಸ್ಟೀಲಿನ ತಾಟಿಗೆ ಟಣ್ ಎಂದು ಬಿತ್ತು. ಕೈ ಅಲ್ಲೇ ನಿಂತಿತು... ಅದು ಕಾಕಾನ ಅಂಗಡಿಯ ಸದ್ದು.

ಕಾಕಾ ನಮಗೆ ರಕ್ತಸಂಬಂಧಿಯಲ್ಲ. ಅಂಕಲಿಯಲ್ಲಿ ನಮ್ಮ ಪಕ್ಕದ ಮನೆಯವರು. ಮುಂದೆ ಕಿರಾಣಿ ಅಂಗಡಿ, ನಡುವೆ ಒಂದು ಮಾಸಿದ ಪಡದೆ, ಹಿಂದೆ ಮನೆ. ಪಡದೆಯ ಆಚೆ ಅವರ ಹೆಂಡತಿ, ನಮಗೆಲ್ಲ ಕಾಕು. ಮಿರಜದ ಕಡೆಯ ಮರಾಠಿ ಹೆಣ್ಣುಮಗಳು. ಮಕ್ಕಳಿಲ್ಲದ ಆ ಮನೆಯಲ್ಲಿ ಓಣಿಯ ಮಕ್ಕಳದ್ದೇ ಗದ್ದಲ.

ಸಾಮಾನು ಕಟ್ಟಿಕೊಡಲು ಕಾಕಾ ರದ್ದಿ ಕೊಳ್ಳುತ್ತಿದ್ದರು. ಹಾಗೆ ತಂದ ರದ್ದಿಯಲ್ಲಿ ಒಮ್ಮೆ ರಟ್ಟು ಹರಿದ ಹಳೆಯ ನಿಘಂಟು ಬಂತು. ಮೊದಲ ಕೆಲವು ಹಾಳೆಗಳಲ್ಲಿ ಜೀರಿಗೆ, ಸಾಸಿವೆ ಊರಿನ ಮನೆಮನೆಗೆ ಹೋದವು. ಆಮೇಲೆ ಅದರ ರುಚಿ ಹತ್ತಿತೋ ಏನೋ, ಹರಿಯುವುದನ್ನು ಬಿಟ್ಟು ತಕ್ಕಡಿಯ ಪಕ್ಕದಲ್ಲಿ ಇಟ್ಟುಕೊಂಡು ಓದತೊಡಗಿದರು. ಅಲ್ಲಿಂದ ಶುರುವಾಯಿತು ಆಟ. ಪುಸ್ತಕ ಹಿಡಿದವರು ಯಾರಿಗೂ ಗೊತ್ತಿರದ ಒಂದು ಶಬ್ದ ಹೇಳಿ, ಅದಕ್ಕೆ ಎರಡು ಅರ್ಥ ಕೊಡಬೇಕು. ಒಂದು ಪುಸ್ತಕದ್ದು, ಇನ್ನೊಂದು ಹೊಟ್ಟೆಯಲ್ಲಿ ಹುಟ್ಟಿದ್ದು. ಎದುರಿನವರು ಹೊಟ್ಟೆಯದನ್ನು ಖರೆ ಎಂದು ನುಂಗಿದರೆ, ನುಂಗಿಸಿದವರಿಗೆ ಒಂದು ಹುಣಸೆಬೀಜ ಕೊಡಬೇಕು. ಬೀಜಕ್ಕೆಂದೇ ದುಡ್ಡಿನ ಗಲ್ಲೆಯ ಮೇಲೆ ಒಂದು ತಾಟು ಇರುತ್ತಿತ್ತು.

ಸುಳ್ಳು ಹೇಳುವಾಗ ಕಾಕಾನ ಮುಖ ಸತ್ಯಹರಿಶ್ಚಂದ್ರನ ಮುಖ. ಒಮ್ಮೆ ನನಗೆ 'ಡಿಂಡೀರ' ಎಂಬ ಶಬ್ದ ಕೊಟ್ಟರು. ನೀರಿನ ಮೇಲಿನ ನೊರೆಯೋ, ಹೊಸ ಸೊಸೆ ತವರಿನಿಂದ ತರುವ ಬುತ್ತಿಯೋ? ಬುತ್ತಿ, ಬುತ್ತಿ ಎಂದು ನಾನು ಕುಣಿದೆ. ಅವರು ಗಿರಾಕಿಗೆ ಸಕ್ಕರೆ ತೂಗುತ್ತ ಕೂತರು.

"ಖರೇ ಯಾವುದ್ರಿ ಕಾಕಾ? ಲಗೂನ ಹೇಳ್ರಿ!"

"ತಡಿಯ ಗಡಬಡಿ. ಅರ್ಥಕ್ಕೇನ ಕಾಲ ಅದಾವೇನ, ಓಡಿ ಹೋಗಾಕ?"

ಗಡಬಡಿ ಎಂದರೆ ನಾನು. ಅಂದು ನನ್ನ ಬೀಜ ಹೋಯಿತು, ಮಧ್ಯಾಹ್ನದ ಊಟವೂ ರುಚಿಸಲಿಲ್ಲ. ಕಾಕು ಪಡದೆಯ ಆಚೆಯಿಂದಲೇ ಬೈಯುತ್ತಿದ್ದಳು: "ಖರೇ ಮಾತ ಆಡಾಕ ಪುರಸೊತ್ತಿಲ್ಲ, ಸುಳ್ಳ ಹೇಳಿದವ್ರಿಗೆ ಇನಾಮ ಬ್ಯಾರೆ!" ಅವಳು ಒಂದು ದಿನವೂ ಆಟಕ್ಕೆ ಬರಲಿಲ್ಲ. ಎಷ್ಟು ಕರೆದರೂ ಇಲ್ಲ.

ನಮ್ಮಪ್ಪನ ಕಥೆ ಹೇಳದಿದ್ದರೆ ಕಾಕಾ ಎಂಥವರೆಂದು ತಿಳಿಯುವುದಿಲ್ಲ. ಕಬ್ಬು ಬೆಳೆಯುತ್ತಿದ್ದ ಅಪ್ಪನಿಗೆ ದೊಡ್ಡ ಶಬ್ದಗಳ ಹುಚ್ಚು. 'ಮತ್ಕುಣ' ಎಂದರೆ ಬೀಗರನ್ನು ಕೂರಿಸುವ ಮಾನದ ಮಣೆ ಎಂದು ಕಾಕಾ ಹೇಳಿದ್ದನ್ನು ಕೇಳಿಸಿಕೊಂಡು, ಖರೆ ಅರ್ಥ ಹೇಳುವ ಮೊದಲೇ ಎದ್ದು ಹೋಗಿದ್ದರು. ಅಕ್ಕನ ಲಗ್ನದಲ್ಲಿ ಹಂದರದ ನಡುವೆ ನಿಂತು, ಕೈಮುಗಿದು, "ಬರ್ರಿ ಬೀಗರ, ಮದಲ ಮತ್ಕುಣದ ಮ್ಯಾಲ ಕೂಡ್ರಿ" ಎಂದರು. ಬೀಗರಲ್ಲಿ ಒಬ್ಬರು ಕನ್ನಡ ಮಾಸ್ತರರು. ಅವರು ಧೋತರ ಎತ್ತಿ ಹಿಡಿದು ಜಮಖಾನೆಯನ್ನೇ ನೋಡುತ್ತ, "ತಿಗಣಿ ಭಾಳ ಅದಾವೇನ್ರಿ?" ಎಂದು ಕೇಳಿದರು. ಅಪ್ಪ ಅಕ್ಷತೆ ಬಿದ್ದ ಕೂಡಲೇ ಅಂಗಡಿಗೆ ನುಗ್ಗಿದರು. ಕಾಕಾ ಶಾಂತವಾಗಿ ಅಂಗೈ ಚಾಚಿದರು: "ಬೈಯೂದ ಆಮ್ಯಾಲ ಬೈಯಿ. ಮದಲ ಬೀಜ ಕೊಡ." ಸಿಟ್ಟಿನಲ್ಲಿದ್ದ ಅಪ್ಪನಿಗೆ ನಗು ತಡೆಯಲಾಗಲಿಲ್ಲ.

ನಾನು ಮದುವೆಯಾಗಿ ನಿಪ್ಪಾಣಿಗೆ ಬಂದೆ. ವರ್ಷಗಳು ಹೋದವು... ಕಾಕಾನಿಗೆ ಲಕ್ವಾ ಹೊಡೆದ ಸುದ್ದಿ ಬಂದಾಗ ಅನ್ನಕ್ಕೆ ಇಟ್ಟಿದ್ದ ಒಲೆ ಆರಿಸಿ, ಉಟ್ಟ ಸೀರೆಯಲ್ಲೇ ಬಸ್ ಹತ್ತಿದೆ. ಮಿರಜದ ದವಾಖಾನೆಯಿಂದ ಆಗಷ್ಟೇ ಮನೆಗೆ ಕರೆತಂದಿದ್ದರು. ಬಲಗೈ ಬಿದ್ದುಹೋಗಿತ್ತು. ಮಾತೆಲ್ಲ ಹೋಗಿ ಬಾಯಲ್ಲಿ ಉಳಿದದ್ದು ಒಂದೇ ಶಬ್ದ: ತೊರಂಬಿ.

"ತೊರಂಬಿ," ಎಂದರು ನನ್ನನ್ನು ನೋಡಿ. ಮತ್ತೆ, "ತೊರಂಬಿ." ನನ್ನನ್ನಂತೂ ಕರೆಯುತ್ತಿರಲಿಲ್ಲ, ಏನನ್ನೋ ಕೇಳುತ್ತಿದ್ದರು. ನೀರು ಕೊಟ್ಟೆ, ತಲೆ ಅಲ್ಲಾಡಿಸಿದರು. ಓದುವ ಚಾಳೀಸು, ಅಂಗಡಿಯ ಕೀಲಿ, ಹೊದೆಯುವ ಚಾದರ, ತಂಬಾಕಿನ ಡಬ್ಬಿ, ಕೈಗೆ ಸಿಕ್ಕಿದ್ದೆಲ್ಲ ತಂದು ಹಿಡಿದೆ. ಒಂದೊಂದಕ್ಕೂ ಎಡಗೈಯಿಂದ ಹಾಸಿಗೆಯನ್ನು ಬಡಿದರು. ಕಣ್ಣಲ್ಲಿ ನೀರು. ನಾಚಿಕೆ ಬಿಟ್ಟು ಆ ರಟ್ಟಿಲ್ಲದ ನಿಘಂಟನ್ನೂ ತೆಗೆದು ನೋಡಿದೆ. ತ ಅಕ್ಷರದ ಹಾಳೆಗಳಲ್ಲಿ ಆ ಶಬ್ದ ಎಲ್ಲಿಯೂ ಇರಲಿಲ್ಲ. ಊರಿಗೆಲ್ಲ ಅರ್ಥ ಹಂಚಿದ ಮನುಷ್ಯ ತನ್ನದೊಂದು ಮಾತಿಗಾಗಿ ಹಾಗೆ ಒದ್ದಾಡುವುದನ್ನು ನೋಡಲಾರದೆ ಎದ್ದೆ. ಒಳಗೂ ಹೊರಗೂ ತಿರುಗಿದೆ. ಏನಿರಬಹುದು? ಏನಿರಬಹುದು?

ಗಂಜಿ ತಂದ ಕಾಕು ಬಟ್ಟಲನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಕೂತಳು.

"ಯಾಕ ಹುಡುಕತಿ ತಂಗಿ? ತೊರಂಬಿ ಅಂದ್ರ ನಾನು. ನನ್ನ ಕರ್ಯಾಕತ್ತಾರ. ಲಗ್ನಾದಾಗಿಂದ ಒಮ್ಮಿನೂ ಹೆಸರ ಹಿಡದ ಕರದಿಲ್ಲ, ಬರೇ ಏ ಏ ಅಂತಿದ್ರು. ಈಗ ನೋಡ, ಎಷ್ಟ ಚಂದ ಹೆಸರ ಇಟ್ಟಾರ."

ಕಾಕಾ ಬಡಿಯುವುದನ್ನು ನಿಲ್ಲಿಸಿದರು. ಅವಳನ್ನೇ ಬಹಳ ಹೊತ್ತು ನೋಡಿದರು. ಎಡಗಡೆಯ ತುಟಿ ಸ್ವಲ್ಪ ಮೇಲೆದ್ದಿತು. ಬೆರಳುಗಳಿಗೆ ವ್ಯಾಯಾಮವಾಗಲಿ, ಸಣ್ಣ ವಸ್ತು ಎತ್ತಿ ಇಡಲಿ ಎಂದು ಡಾಕ್ಟರು ಹೇಳಿದ್ದಕ್ಕೆ ಹಾಸಿಗೆಯ ಪಕ್ಕದಲ್ಲಿ ಹುಣಸೆಬೀಜದ ಅದೇ ತಾಟು ಇಟ್ಟಿದ್ದರು. ಕಾಕಾ ಬಲಗೈಯನ್ನೇ ಎಳೆದು ತಂದು ಒಂದು ಬೀಜ ಹಿಡಿದರು. ಜಾರಿತು. ಮತ್ತೆ ಹಿಡಿದು ಕಾಕುವಿನ ಅಂಗೈಯಲ್ಲಿ ಇಟ್ಟರು.

"ಅಗದೀ ಭಾರಿ!" ಎಂದಳು ಕಾಕು. "ಕೈ ಬರಾಕತ್ತೇತಿ ನೋಡ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಪಡದೆ ಸರಿಸಿ ಅಂಗಡಿಗೆ ಬಂದು ಅತ್ತೆ. ನಮ್ಮ ಆಟದಲ್ಲಿ ಬೀಜ ಯಾವಾಗ ಕೈ ಬದಲಿಸುತ್ತದೆ ಎಂದು ನನಗೆ ಗೊತ್ತಿತ್ತು. ಕಾಕು ಹೇಳಿದ ಅರ್ಥ ಖರೆಯಲ್ಲ. ಕಾಕಾ ಅದನ್ನು ತಿಳಿದೇ ನುಂಗಿದ್ದರು.

ಅಂದಿನಿಂದ ಅವರು ಹಾಸಿಗೆ ಬಡಿಯುವುದನ್ನು ಬಿಟ್ಟರಂತೆ. "ತೊರಂಬಿ" ಎಂದರೆ ಒಳಗಿನಿಂದ "ಬಂದೇರೀ" ಎಂದು ಕಾಕುವಿನ ದನಿ. ಹಾಗೆಯೇ ಒಂದು ಬೇಸಿಗೆ ಕಳೆಯಿತು. ಮಳೆಗಾಲದಲ್ಲಿ ಕಾಕಾ ಹೋದರು.

ದಿನಕರ್ಮಕ್ಕೆ ಹೋದಾಗ ಆ ಬೀಜವನ್ನು ಕಾಕು ದೇವರ ಜಗಲಿಯ ಮೇಲೆ ಇಟ್ಟದ್ದನ್ನು ಕಂಡೆ. ಆ ಹೆಸರನ್ನು ಪಾಪ ಅವಳು ನಂಬಿದ್ದಾಳೆ, ನಂಬಿಕೊಂಡೇ ಇರಲಿ ಎಂದು ಸುಮ್ಮನಿದ್ದೆ. ನನ್ನ ಮುಖ ನೋಡಿ ಅವಳೇ ಬಾಯಿಬಿಟ್ಟಳು.

"ಏನ ನೋಡತಿ ತಂಗಿ? ಅಷ್ಟ ವರ್ಷ ಪಡದೇದ ಹಿಂದ ಕುಂತ ನಿಮ್ಮ ಆಟಾ ಕೇಳೇನಿ. ಬೀಜ ಯಾಕ ಕೊಡತಾರ ಅನ್ನೂದ ನನಗ ತಿಳಿಯೂದಿಲ್ಲೇನ? ಖರೇ ಅರ್ಥ ನನಗೂ ಸಿಗಲಿಲ್ಲ ಬೇ. ಅವರ ಒದ್ದಾಡೂದ ನೋಡಾಕ ಆಗಲಿಲ್ಲ... ಏನರ ಒಂದ ಹೇಳಬೇಕಾಗಿತ್ತ, ಹೇಳಿದೆ."

ಜನ್ಮದಲ್ಲಿ ಒಂದೇ ಸಲ ಆಡಿದ್ದಳು. ಆಮೇಲೆ ಪ್ರತಿ ವರ್ಷ ನನಗೆ ಹುಣಸೆ ಕಳಿಸುತ್ತಿದ್ದಳು, ಬೀಜಗಳನ್ನೆಲ್ಲ ತಾನೇ ತೆಗೆದಿಟ್ಟುಕೊಂಡು. ಹೋದ ಚಳಿಗಾಲದಲ್ಲಿ ಅವಳೂ ಹೋದಳು.

ಈಗ ತಾಟು ತುಂಬ ಬೀಜಗಳಿವೆ, ಕಪ್ಪಿನಲ್ಲಿ ಚಹಾ ಆರಿದೆ. ತೊರಂಬಿ ಎಂದರೆ ಏನೆಂದು ಇನ್ನು ಯಾರನ್ನೂ ಕೇಳುವಂತಿಲ್ಲ. ಆದರೂ ತಡೆಯಲಾಗದೆ ಆ ಶಬ್ದವನ್ನು ಒಮ್ಮೆ ಗಟ್ಟಿಯಾಗಿ ಅಂದು, ಒಳಮನೆಯ ಕಡೆ ಕಿವಿಗೊಟ್ಟು ಕೂತೆ. ಬಂದೇರೀ ಎನ್ನುವವರು ಯಾರೂ ಇರಲಿಲ್ಲ.