ಕತ್ತಲಾಗುವ ತನಕ ಹುಡುಕಿದರು

ಆಂಟಿ ಎರಡು ಕನ್ನಡಕಗಳನ್ನು ಒಂದರ ಮೇಲೊಂದು ಏರಿಸಿಕೊಂಡು, ಮೂಗು ಕಂಪ್ಯೂಟರಿನ ಪರದೆಗೆ ತಾಗುವಷ್ಟು ಬಗ್ಗಿ ಕೂರುತ್ತಿದ್ದರು. ಲೋವರ್ ಹಟ್ ಎಂಬ ಪರದೇಶದ ಊರಿನಲ್ಲಿ ಅವರ ಮಗಳ ಮನೆಯ ಹಿತ್ತಲ ಕೋಣೆ ನನ್ನ ಬಾಡಿಗೆಮನೆ. ಹುಬ್ಬಳ್ಳಿಯಿಂದ ಬಂದು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿದ ಹೊಸತು.

ಆಂಟಿ ಓದುತ್ತಿದ್ದದ್ದು ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಚೀನಾಕ್ಕೆ ಹೊರಟ ವ್ಯಾಪಾರಿ ಹಡಗೊಂದರ ದಿನಚರಿ. ಯಾವುದೋ ಗ್ರಂಥಾಲಯ ಅದರ ಪುಟಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಾಕಿ, ಓದಿ ಟೈಪ್ ಮಾಡಿಕೊಡುವವರನ್ನು ಕರೆದಿತ್ತು. ಗಾಳಿ ಯಾವ ದಿಕ್ಕಿನದು, ಕುಡಿಯುವ ನೀರು ಎಷ್ಟು ಉಳಿದಿದೆ, ಯಾರಿಗೆ ಜ್ವರ, ಎಲ್ಲವೂ ಅದರಲ್ಲಿತ್ತು. ಹೊನ್ನಾವರದಲ್ಲಿ ಇಂಗ್ಲಿಷ್ ಟೀಚರಾಗಿದ್ದ ಆಂಟಿಗೆ ಆ ಹಳೆಯ ಕೈಬರಹದ ಸುರುಳಿ ಅಕ್ಷರ ಬೇಗ ಒಲಿದಿತ್ತು. ಆದರೂ ದಿನಕ್ಕೆ ಒಂದೇ ದಿನದ ಬರಹ ಮುಗಿಸುತ್ತಿದ್ದರು. ಕೇಳಿದರೆ, "ಅವಸರ ಎಂತಕ್ಕೆ? ಅವರೇನು ಹಾರಿಕೊಂಡು ಹೋದ್ರಾ?" ಎನ್ನುತ್ತಿದ್ದರು.

ಅವರ ಗಂಡ ಸರಕು ಹಡಗಿನಲ್ಲಿ ಎಂಜಿನಿಯರಾಗಿದ್ದವರು. ಮಗಳಿಗೆ ಎರಡು ವರ್ಷವಿದ್ದಾಗ ನಡುಸಮುದ್ರದಲ್ಲಿ ಕಾಣೆಯಾದರು. ಕಂಪನಿಯಿಂದ ಬಂದದ್ದು ಎರಡು ಸಾಲಿನ ಕಾಗದ. ಇಷ್ಟನ್ನು ಮಗಳು ನನಗೆ ಹೇಳಿದ್ದಳು. ಆಂಟಿ ಆ ಮಾತನ್ನೇ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾನು ಬಂದಾಗ ಅವರು ಕೈಕಟ್ಟಿ ಕೂತಿದ್ದರು. "ಬಾ, ಇದನ್ನ ನೀನೇ ಓದು" ಎಂದರು.

ನಾವಿಕನೊಬ್ಬ ಹಾಯಿ ಕಟ್ಟುವಾಗ ನೀರಿಗೆ ಬಿದ್ದಿದ್ದ. ಹಡಗು ನಿಲ್ಲಿಸಿ ದೋಣಿ ಇಳಿಸಿದರು. ಕತ್ತಲಾಗುವ ತನಕ ಹುಡುಕಿದರು. ಸಿಗಲಿಲ್ಲ.

"ಹುಡುಕಿದ್ರಂತೆ, ನೋಡು."

"ಹೌದ್ರಿ ಆಂಟಿ."

"ನಮ್ಮವ್ರನ್ನ ಹುಡುಕಿದ್ರೋ ಇಲ್ವೋ, ನಂಗೆ ಯಾರೂ ಹೇಳ್ಲಿಲ್ಲ. ಎಷ್ಟು ಕಾಗದ ಬರೆದೆ! ಅಷ್ಟು ಗೊತ್ತಾಗಿದ್ರೆ ಸಾಕಿತ್ತು ಮಗಾ."

ನಾನು ಎದ್ದೆ. "ಚಾ ಮಾಡ್ಲೇನ್ರಿ?" ಎಂದೆ. ಅವರು ನನ್ನ ಕೈ ಹಿಡಿದು ನಿಲ್ಲಿಸಿದರು. "ನೀನೂ ಆಸ್ಪತ್ರೇಲಿ ಬರೀತೀಯಲ್ಲ, ಪೂರ್ತಿ ಬರಿ. ಮನೆಯವ್ರು ಯಾವತ್ತಾದ್ರೂ ಕೇಳ್ತಾರೆ."

ಅಲ್ಲಿಯ ತನಕ ನಾನು ನಾಡಿ, ಜ್ವರ, ಔಷಧಿಯಷ್ಟನ್ನೇ ಬರೆಯುತ್ತಿದ್ದೆ. ಆಮೇಲಿನಿಂದ ರೋಗಿ ಏನು ಕೇಳಿದರು, ಹತ್ತಿರ ಯಾರಿದ್ದರು ಎಂಬುದನ್ನೂ ಸೇರಿಸತೊಡಗಿದೆ.

ಎರಡು ಚಳಿಗಾಲ ಕಳೆದ ಮೇಲೆ ಆಂಟಿ ನ್ಯುಮೋನಿಯಾ ಹಿಡಿದು ನಮ್ಮ ವಾರ್ಡಿಗೇ ಬಂದರು. ಕೆಲಸದ ಮೇಲೆ ದೂರದ ಮನುಕಾವ್ ಊರಿಗೆ ಹೋಗಿದ್ದ ಮಗಳು ಮೊದಲ ವಿಮಾನ ಹಿಡಿದಳು. ಆದರೆ ಅವಳು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದು ಅವಳು ನನ್ನನ್ನು ಏನೂ ಕೇಳಲಿಲ್ಲ. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದಳು:

"ಅಮ್ಮ ಒಬ್ಬಳೇ ಇದ್ಲಾ?"

"ಇಲ್ಲಕ್ಕಾ, ನಾ ಇದ್ದೆ. ಕಿಟಕಿ ಪರದೆ ಸರಿಸು ಅಂದ್ರು. ಎರಡು ಚಮಚ ನೀರು ಕುಡಿದ್ರು. 'ಅವಳ ವಿಮಾನ ಹೊರಟಿತಾ?' ಅಂತ ಕೇಳಿದ್ರು. ಹೊರಟೈತಿ ಅಂದೆ. 'ಹಾಗಾದ್ರೆ ಸರಿ' ಅಂತ ನನ್ನ ಕೈ ಹಿಡ್ಕೊಂಡ್ರು. ಕಡೀತನಕ ಬಿಡ್ಲಿಲ್ಲ."

ಅವಳು ಒಳಗೆ ಬಂದು ನನ್ನ ಮಂಚದ ಅಂಚಿಗೆ ಕೂತಳು.

"ಇನ್ನೊಂದ್ಸಲ ಹೇಳು" ಎಂದಳು.

ನಾನು ಮೊದಲಿನಿಂದ ಹೇಳಿದೆ.