ಮೌಶಿ ಕೊಟ್ಟ ಗ್ಯಾಸಿನ ಒಲೆ

ನಮ್ಮ ಮನೆಯ ಹುಡುಗಿ ಬಿ.ಎ. ಮುಗಿಸುವುದು ಆಗದ ಮಾತು ಎಂದವರು ನನ್ನ ಕಾಕಾ, ಅಪ್ಪನ ತಮ್ಮ. ಹುಡುಗಿಯೇನು, ನಮ್ಮಲ್ಲಿ ಗಂಡುಮಕ್ಕಳೂ ಯಾರೂ ಮುಗಿಸಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮೂರು ಮೇಲವಂಕಿಯ ಮನೆಯಲ್ಲಿ ಕಾಕಾ ಹೇಳಿದ್ದೇ ಕೊನೆ. ಅವ್ವ ಮೂರು ದಿನ ಅವರೊಡನೆ ಮಾತು ಬಿಟ್ಟಳು. ಆಗ ಕಾಲೇಜಿಗೆ ಕಳಿಸಲು ಒಪ್ಪಿದರು. ಅದಕ್ಕೂ ಒಂದು ಕರಾರು ಹಾಕಿದರು.

"ನೋಡು, ನಿನ್ನ ಮ್ಯಾಲ ಒಂದ ಒಂದ ಮಾತು ನನ್ನ ಕಿವಿಗಿ ಬಿತ್ತಂದ್ರ ಅವತ್ತ ಗಂಟು ಕಟ್ಟಬೇಕು. ನಾಳೆ ಪರೀಕ್ಷಾ ಇದ್ರೂ ಅಷ್ಟ."

ಎರಡು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದೆ. ಕೊನೆಯ ವರ್ಷ ಗೋಕಾಕದಲ್ಲಿ ಒಂದು ಖೋಲಿ, ಅಂದರೆ ಕೋಣೆ, ಬಾಡಿಗೆಗೆ ಹಿಡಿದೆ. ಮನೆಯೊಡತಿ ಜೈನರ ಪೈಕಿ ವ್ಯಾಪಾರಸ್ಥರ ಮನೆಯ ವಿಧವೆ; ಓಣಿಗೆಲ್ಲ ಅವರು ಆಯಿ. ಅವರ ಊಟ ಹೊತ್ತು ಮುಳುಗುವ ಮೊದಲೇ ಮುಗಿಯುತ್ತಿತ್ತು. ನಾನು ಕತ್ತಲಾದ ಮೇಲೆ ಅಡುಗೆ ಮಾಡಿದರೆ ಅವರ ತಕರಾರಿರಲಿಲ್ಲ, ಆದರೆ ಒಲೆ ಹಚ್ಚುವಾಗ ಕಿಟಕಿ ಬಾಗಿಲು ಎರಡೂ ಮುಚ್ಚಿರಬೇಕು. ಉರಿ ಕಂಡು ಹುಳಗಳು ಹಾರಿ ಬಂದು ಸಾಯುತ್ತವೆ, ಅದರ ಪಾಪ ಮನೆಗೆ ಹತ್ತುತ್ತದೆ ಎನ್ನುತ್ತಿದ್ದರು. ಚಿಮಣಿ ಎಣ್ಣೆಯ ಸ್ಟೋವಂತೂ ಬೇಡವೇ ಬೇಡ, ಗೋಡೆ ಕಪ್ಪಾಗುತ್ತದೆ.

ಹೀಗಾಗಿ ಮೌಶಿ ಕೊಟ್ಟ ಒಲೆ ನನ್ನ ಪಾಲಿಗೆ ದೇವರಾಯಿತು. ಮೌಶಿ ಅಂದರೆ ಅವ್ವನ ತಂಗಿ, ಸಂಕೇಶ್ವರದಲ್ಲಿದ್ದಳು. ಅವಳ ಗಂಡ ಲಾರಿ ಓಡಿಸುತ್ತಿದ್ದರು. ರಸ್ತೆಯಲ್ಲಿ ಚಹ ಕಾಸಿಕೊಳ್ಳಲೆಂದು ಮುಂಬಯಿಯಿಂದ ತಂದ ಒಲೆ ಅದು. ಚಪ್ಪಟೆ ತಗಡಿನ ಪೆಟ್ಟಿಗೆ, ನಡುವೆ ಒಂದೇ ಬರ್ನರ್, ಬಲಕ್ಕೆ ಮುಚ್ಚಳವಿದ್ದ ಒಂದು ಗೂಡು. ಆ ಗೂಡಿನಲ್ಲಿ ಗ್ಯಾಸಿನ ಡಬ್ಬಿ ಅಡ್ಡ ಮಲಗುತ್ತಿತ್ತು. ಡಬ್ಬಿ ತೀರಿದರೆ ಮೌಶಿಯ ಗಂಡ ಕೊಲ್ಲಾಪುರದಿಂದ ಹೊಸದು ತರುತ್ತಿದ್ದರು. ಡಬ್ಬಿಯ ಮೇಲೆ ಏನೇನೋ ಚಿತ್ರಗಳು, ಯಾವುದೋ ದೇಶದ ಲಿಪಿ. ಓದಲು ಬರಲಿಲ್ಲ, ಓದಬೇಕೆಂದು ಅನಿಸಲೂ ಇಲ್ಲ. ನನಗೆ ಬೇಕಾಗಿದ್ದದ್ದು ರೊಟ್ಟಿ. ಊರಿನಿಂದ ಅವ್ವನ ದೊಡ್ಡ ಕಬ್ಬಿಣದ ಹಂಚು ತಂದು ಅದರ ಮೇಲಿಟ್ಟೆ. ಹಂಚು ಇಟ್ಟರೆ ಒಲೆಯೇ ಕಾಣುತ್ತಿರಲಿಲ್ಲ.

ಚಳಿ ಬಿದ್ದು ಬೇಗ ಕತ್ತಲಾಗತೊಡಗಿದ ಮೇಲೆ ನನಗೆ ತಲೆನೋವು ಶುರುವಾಯಿತು. ರೊಟ್ಟಿ ಬಡಿದು ಏಳುವಷ್ಟರಲ್ಲಿ ಕಣ್ಣು ಕತ್ತಲಾಗುತ್ತಿತ್ತು. ಎರಡು ಸಲ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಎರಡನೆಯ ಸಲ ತಿರುಗಿ ನೋಡಿದರೆ ಆಯಿ ಹಿಂದೆಯೇ ನಿಂತಿದ್ದರು.

"ಈ ತಿಂಗಳ ಹೊರಗ ಕೂತಿಯೇನ?" ಎಂದರು.

ಮುಟ್ಟಾಗಿದ್ದೀಯಾ ಎಂದು ಕೇಳಿದ್ದು. ಯಾಕೆ ಕೇಳಿದರೆಂದು ತಿಳಿಯದಷ್ಟು ಸಣ್ಣವಳಾಗಿರಲಿಲ್ಲ ನಾನು. ಕೂತಿದ್ದೆ ಎಂದೆ. "ನಾ ನೋಡಿಲ್ಲಲ್ಲ" ಎಂದು ಹೊರಟುಹೋದರು.

ಮರುದಿನದಿಂದ ನನ್ನ ಮೇಲೆ ಕಾವಲು ಶುರುವಾಯಿತು. ಕಾಲೇಜಿನಿಂದ ಹತ್ತು ನಿಮಿಷ ತಡವಾಗಿ ಬಂದರೆ ಕಟ್ಟೆಯ ಮೇಲೆ ಆಯಿ. ನೋಟ್ಸ್ ಕೇಳಲು ಗೆಳತಿ ಬಂದರೆ ಅವಳ ಹಿಂದೆ ಇನ್ನಾರಾದರೂ ಇದ್ದಾರೆಯೇ ಎಂದು ಇಣುಕುವ ಆಯಿ. ನಾನೂ ಅವರಿಗೆ ಕಡಿಮೆ ಇರಲಿಲ್ಲ. ಖೋಲಿ ಖಾಲಿ ಮಾಡಿಸಲು ನನ್ನ ಕುಡಿಯುವ ನೀರಿನ ಕೊಡದಲ್ಲಿ ಏನಾದರೂ ಹಾಕುತ್ತಿದ್ದಾರೆಂದು ಗಟ್ಟಿಯಾಗಿ ನಂಬಿದ್ದೆ. ಕೊಡದ ಬಾಯಿಗೆ ಬಟ್ಟೆ ಕಟ್ಟಿ ಗಂಟಿನ ಮೇಲೆ ಅರಿಶಿನದ ಗುರುತು ಮಾಡಿದೆ. ಗುರುತು ಅಳಿಸಲಿಲ್ಲ, ತಲೆನೋವೂ ನಿಲ್ಲಲಿಲ್ಲ. ಹಾಗಾದರೆ ಗುರುತನ್ನೂ ಹಾಗೇ ಮತ್ತೆ ಬರೆಯುತ್ತಾರೆ ಈ ಮುದುಕಿ ಎಂದುಕೊಂಡೆ.

ಸಂತೆಗೆ ಬಂದ ನಮ್ಮೂರಿನವರ ಕೈಯಲ್ಲಿ ಆಯಿ ಮಾತು ಕಳಿಸಿದರು. ಅದಾದ ಎರಡನೆಯ ದಿನ ಸಂಜೆ ಕಾಕಾ ಬಂದು ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿ ಖಾಲಿ ಚೀಲವಿತ್ತು.

"ಮುಂಜಾನಿ ಮೊದಲ ಬಸ್ಸಿಗಿ ಹೋಗೂದು. ಪುಸ್ತಕ ಇದರಾಗ ತುಂಬು."

"ನಾ ಏನ ಮಾಡೇನಿ ಅಂತ ಹೇಳ್ರಿ ಕಾಕಾ."

"ಅದನ್ನ ನಿಮ್ಮವ್ವನ ಮುಂದ ಹೇಳೀಯಂತ."

ಪರೀಕ್ಷೆಗೆ ಎರಡು ತಿಂಗಳೂ ಇರಲಿಲ್ಲ. ಊರಿಗೆ ಹೋದರೆ ತಿರುಗಿ ಬರುವುದಿಲ್ಲವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಬಂದವರಿಗೆ ಊಟ ಹಾಕಲೇಬೇಕಲ್ಲ ಎಂದು ಹಿಟ್ಟು ಕಲಸಲು ಒಳಗೆ ಹೋದೆ. ಹಿಂದೆಯೇ ಆಯಿ ಬಂದು ಕಿಟಕಿ ಹಾಕಿದರು, ಬಾಗಿಲು ಎಳೆದರು, ಮಣೆ ಎಳೆದುಕೊಂಡು ಗೋಡೆಗೆ ಆತು ಕೂತರು. ಕಾಕಾನ ಮುಂದೆ ಸಾಕ್ಷಿ ಹೇಳಬೇಕಲ್ಲ, ನಾನು ವಾಂತಿ ಮಾಡುವುದನ್ನು ಕಣ್ಣಾರೆ ನೋಡಲು ಬಂದಿದ್ದರು.

ನಾನು ರೊಟ್ಟಿ ಬಡಿದೆ. ನಾಲ್ಕನೆಯ ರೊಟ್ಟಿಗೆ ನನ್ನ ಹಣೆ ಹಿಡಿಯಿತು. ಆರನೆಯದಕ್ಕೆ ಆಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಎಂಟನೆಯದು ಹಂಚಿನ ಮೇಲಿದ್ದಾಗ ಗೋಡೆ ಹಿಡಿದು ಎದ್ದರು.

"ಅಗಬಾಯೀ, ತೆಲಿ ತಿರಗಾಕತ್ತೈತಿ" ಎನ್ನುತ್ತ ಬಾಗಿಲು ತೆಗೆದು ಅಂಗಳಕ್ಕೆ ಹೋಗಿ ತುಳಸಿಯ ಪಕ್ಕ ಬಗ್ಗಿ ಓಕರಿಸಿದರು.

ನಾನು ಒಲೆ ಆರಿಸಿ ಅವರ ಬೆನ್ನು ತಿಕ್ಕಿದೆ. ಕಾಕಾ ಚೊಂಬು ಹಿಡಿದು ಓಡಿ ಬಂದರು. ಆ ಹೊತ್ತಿಗೆ ನನ್ನ ಬಾಯಿ ಸುಮ್ಮನಿರಲಿಲ್ಲ.

"ಕಾಕಾ, ನಾಳೆ ಆಯೀನ್ನೂ ಊರಿಗಿ ಕರಕೊಂಡ ಹೋಗೂಣ್ರಿ. ಅವರಿಗೂ ನನಗ ಆದದ್ದ ಆಗೇತಿ."

ಆಯಿಗೆ ಅರವತ್ತು ದಾಟಿತ್ತು. ಕಾಕಾ ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು. ನಕ್ಕರೋ ಕೆಮ್ಮಿದರೋ ಹೇಳಲಾರೆ. ಆಯಿ ಮಾತ್ರ ಓಕರಿಸುವುದನ್ನು ಬಿಟ್ಟು, "ನೋಡ್ರಿ ಯಜಮಾನ್ರ, ನಿಮ್ಮ ಹುಡಿಗೀ ನಾಲಗಿ!" ಎಂದರು. ಗಾಳಿಗೆ ಕೂತ ಸ್ವಲ್ಪ ಹೊತ್ತಿಗೆ ಅವರಿಗೂ ನನಗೂ ಹಗುರವಾಯಿತು. ಕಾಕಾ ಎದ್ದು ಖೋಲಿಯೊಳಗೆ ಹೋಗಿ ಮೂಸಿದರು. ಹಂಚು ಎತ್ತಿ ತಳ ನೋಡಿದರು, ಮಸಿ ಹತ್ತಿತ್ತು. ಒಲೆಯನ್ನು ಹಾವು ನೋಡಿದಂತೆ ನೋಡಿದರು.

"ಇದ ಐತಿ ಕಳ್ಳ" ಎಂದರು. ಆದರೂ ಚೀಲ ಮಡಚಿಡಲಿಲ್ಲ.

ಮುಂಜಾನೆ ಮೊದಲ ಬಸ್ಸು ಬಿಟ್ಟು ಒಲೆಯನ್ನು ಬಗಲಲ್ಲಿಟ್ಟುಕೊಂಡು ಸ್ಟೋವ್ ರಿಪೇರಿಯವನ ಅಂಗಡಿಗೆ ಹೋದರು. ನಾನೂ ಹೋದೆ. ಅವನು ಮುಚ್ಚಳ ತೆಗೆದವನೇ ನನ್ನತ್ತ ಕಣ್ಣು ಬಿಟ್ಟ.

"ಇದರ ಮ್ಯಾಲ ಏನ ಇಡತಿದ್ರಿ?"

"ರೊಟ್ಟಿ ಹಂಚು."

"ನಿಮ್ಮ ಪುಣ್ಯಾ ದೊಡ್ಡದೈತಿ. ಈ ಮುಚ್ಚಳದ ಬಣ್ಣ ನೋಡ್ರಿ, ಸುಟ್ಟ ಉದರೇತಿ. ಹಂಚಿನ ಕಾವು ಸೀದಾ ಡಬ್ಬಿಗಿ ಬಡದೈತಿ. ಇನ್ನ ನಾಕ ರೊಟ್ಟಿ ಹೆಚ್ಚ ಬಡದಿದ್ರ ಡಬ್ಬಿ ಒಡೀತಿತ್ತು. ಉರಿ ಹಳದಿ ಬರ್ತಿತ್ತೇನು?"

"ಹೂಂ."

"ಖೋಲಿ ಬಾಗಲಾ?"

"ಹಾಕಿರ್ತಿತ್ತು. ಕಿಟಕೀನೂ."

ಅವನು ಕಾಕಾನತ್ತ ತಿರುಗಿದ. "ಯಜಮಾನ್ರ, ಬೆಂಕಿಗೂ ಉಸರ ಬೇಕ್ರಿ. ಮ್ಯಾಲ ಹಂಚ ಮುಚ್ಚಿ, ಸುತ್ತ ಬಾಗಲಾ ಮುಚ್ಚಿದ್ರ ಅದು ಕೆಟ್ಟ ಗಾಳಿ ಬಿಡತೈತಿ. ಅದಕ ವಾಸನಿ ಇರೂದಿಲ್ಲ. ಅದನ್ನ ಕುಡದ ಕುಡದ ಮಲಗಿದವ್ರು ಏಳೂದಿಲ್ಲ."

ಸಣ್ಣ ಪಾತ್ರೆ ಮಾತ್ರ ಇಡಬೇಕು, ಡಬ್ಬಿ ಮುಟ್ಟಿದರೆ ತಣ್ಣಗಿರಬೇಕು, ಅಡುಗೆಯಾದ ಮೇಲೆ ಡಬ್ಬಿ ಬಿಚ್ಚಿಡಬೇಕು, ಹೊಸ ಡಬ್ಬಿ ಹಾಕುವಾಗ ಹತ್ತಿರ ದೀಪವೂ ಇರಬಾರದು ಎಂದೂ ಹೇಳಿದ. ಕಾಕಾ ಎಲ್ಲಕ್ಕೂ "ಖರೇನ?" ಎಂದು ಎರಡೆರಡು ಸಲ ಕೇಳಿದರು. ಕೊನೆಗೆ ನನ್ನನ್ನು ದೂರ ನಿಲ್ಲಿಸಿ, ನಾನೇನಾದರೂ ನಿನ್ನೆಯೇ ಬಂದು ಹೀಗೆ ಹೇಳೆಂದು ಹೇಳಿಕೊಟ್ಟು ಹೋಗಿದ್ದೆನೇ ಎಂದೂ ಅವನನ್ನು ವಿಚಾರಿಸಿದರು. ಅದು ನನ್ನ ಕಿವಿಗೆ ಬಿತ್ತು. ಇವತ್ತಿಗೂ ಅದನ್ನು ಮರೆತಿಲ್ಲ.

ಖಾಲಿ ಚೀಲ ಖಾಲಿಯಾಗಿಯೇ ಊರಿಗೆ ಹೋಯಿತು. ನಾನು ಕಿಟಕಿಗೆ ತೆಳ್ಳನೆಯ ಹಳೆಯ ಸೀರೆಯನ್ನು ಬಿಗಿದೆ. ಹುಳ ಬರಬಾರದು, ಗಾಳಿ ಬರಬೇಕು. ಆಯಿ ಬೆರಳಿಂದ ಒತ್ತಿ ನೋಡಿ ಒಪ್ಪಿದರು. ರೊಟ್ಟಿಯನ್ನು ಊರಿನಿಂದ ಒಣಗಿಸಿ ಕಟಕ ಮಾಡಿಸಿ ತರಿಸಿಕೊಂಡೆ, ಒಲೆಯ ಮೇಲೆ ಬೇಳೆ, ಚಹ ಅಷ್ಟೇ. ತಲೆನೋವು ಹೋಯಿತು. ಆಯಿ ತಪ್ಪಾಯಿತು ಎನ್ನಲಿಲ್ಲ. ದಿನಾ ಸಂಜೆ ಬಾಗಿಲಲ್ಲಿ ನಿಂತು ಮೂಗೇರಿಸಿ ಮೂಸಿ ಹೋಗುತ್ತಿದ್ದರು. ಕೊಡದ ಬಟ್ಟೆಯನ್ನು ನಾನೂ ಬಿಚ್ಚಲಿಲ್ಲ.

ಪರೀಕ್ಷೆ ಬರೆದೆ. ಎರಡನೆಯ ದರ್ಜೆಯಲ್ಲಿ ಪಾಸಾದೆ. ಸರ್ಟಿಫಿಕೇಟು ಬಂದಿದೆ ಎಂದು ಕಾಲೇಜಿನಿಂದ ತಿಳಿದಾಗ ಕಾಕಾ ತಾವಾಗಿಯೇ ಜೊತೆಗೆ ಹೊರಟರು. ನಾನು ಸುಳ್ಳು ಹೇಳುತ್ತಿದ್ದೇನೆಯೇ ಎಂದು ನೋಡಲೂ ಇರಬಹುದು. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ರಜಿಸ್ಟರಿಗೆ ನನ್ನ ಸಹಿ ತೆಗೆದುಕೊಂಡು ಕಾಗದವನ್ನು ಕೈಗಿಟ್ಟರು. ಕಾಕಾ ಅದನ್ನು ಬೆಳಕಿಗೆ ಹಿಡಿದರು. ಒತ್ತಿದ ಶಿಕ್ಕೆಯ, ಅಂದರೆ ಮೊಹರಿನ, ಮೇಲೆ ಹೆಬ್ಬೆರಳು ಆಡಿಸಿದರು. ಅವರಿಗೆ ಓದು ಬಾರದು.

"ಇದರಾಗ ನಮ್ಮ ಅಣ್ಣನ ಹೆಸರು ಎಲ್ಲೈತಿ?"

ನಮ್ಮ ಕಡೆ ಹೆಸರಿನ ನಡುವೆ ಅಪ್ಪನ ಹೆಸರಿರುತ್ತದೆ. ಬೆರಳಿಟ್ಟು ತೋರಿಸಿದೆ. ಬಹಳ ಹೊತ್ತು ಆ ಜಾಗವನ್ನೇ ನೋಡಿದರು. ನಾನು ಮಡಚಿ ಬ್ಯಾಗಿನೊಳಗೆ ಇಡಲು ಕೈ ಚಾಚಿದೆ. ಕೊಡಲಿಲ್ಲ.

"ಮಡಚಿ ಗಿಡಚೀ! ಬಸ್ಸಿನ್ಯಾಗ ನಾನ ಹಿಡಕೊಂಡ ಕೂಡ್ತೇನಿ."